ಚೆಕ್ ನಿಲ್ಲಿಸಲು 'ಐಡಲ್' ಎಂದು ಬರೆದೊಡನೆ ರೇಡ್-6 ಅರೇ ಸ್ತಬ್ಧವಾಗುತ್ತಿದೆ

ಪ್ರಶ್ನೆ (ಬಸವನಗುಡಿಯಿಂದ)

ನಮ್ಮ ಗ್ರಂಥಾಲಯದಲ್ಲಿ ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪತ್ರಿಕೆಗಳ ಪುಟಗಳೆಲ್ಲವೂ ಒಂದು ಲಿನಕ್ಸ್ ಸರ್ವರಿನ ಎಂಡಿ (ಲಿನಕ್ಸಿನ ಸಾಫ್ಟ್‌ವೇರ್ ರೇಡ್ ಡ್ರೈವರ್) ರೇಡ್-6 ಅರೇಯಲ್ಲಿ, ಅಂದರೆ ಎರಡು ಡಿಸ್ಕು ಕೆಟ್ಟರೂ ದತ್ತಾಂಶ ಉಳಿಯುವಂತೆ ಜೋಡಿಸಿದ ಡಿಸ್ಕುಗಳ ಗುಂಪಿನಲ್ಲಿ, ಇವೆ. ಡೆಬಿಯನ್ 11, ಕರ್ನಲ್ 5.10. ತಿಂಗಳ ಮೊದಲ ಭಾನುವಾರ ರಾತ್ರಿ 12:57ಕ್ಕೆ ಕ್ರಾನ್ (ನಿಗದಿತ ಸಮಯಕ್ಕೆ ಕೆಲಸ ಆರಂಭಿಸುವ ವ್ಯವಸ್ಥೆ) ಮೂಲಕ ಚೆಕ್, ಅಂದರೆ ಡಿಸ್ಕುಗಳ ದತ್ತಾಂಶ ಪರಸ್ಪರ ಹೊಂದುತ್ತದೆಯೇ ಎಂಬ ಪರಿಶೀಲನೆ, ಆರಂಭವಾಗುತ್ತದೆ. ಸೋಮವಾರ ಸ್ಕ್ಯಾನಿಂಗ್ ಶುರುವಾಗುವಷ್ಟರಲ್ಲಿ ಅದು ಮುಗಿಯದಿದ್ದರೆ, ನಮ್ಮ ಸ್ಕ್ರಿಪ್ಟ್ ಚೆಕ್ಕನ್ನು ನಿಯಂತ್ರಿಸುವ ಸಿಂಕ್_ಆಕ್ಷನ್ ಫೈಲಿಗೆ 'ಐಡಲ್' ಎಂದು ಬರೆದು ನಿಲ್ಲಿಸುತ್ತದೆ.

ಕೆಲವು ಸಲ ಆ ಬರಹವೇ ಹಿಂದಿರುಗುವುದಿಲ್ಲ. ಅರೇಗೆ ಬರೆಯಲು ಹೋದ ಪ್ರತಿಯೊಂದು ಪ್ರೋಸೆಸ್ಸೂ ಡಿ ಸ್ಥಿತಿಯಲ್ಲಿ (ಕೊಲ್ಲಲೂ ಆಗದ ಕಾಯುವಿಕೆ) ಸಿಕ್ಕಿಕೊಳ್ಳುತ್ತದೆ, ಡಿಸ್ಕುಗಳ ದೀಪ ಒಂದೂ ಮಿನುಗುವುದಿಲ್ಲ, ಆದರೆ ಎಂಡಿ0_ರೇಡ್6 ಎಂಬ ಕರ್ನಲ್ ಥ್ರೆಡ್ ಮಾತ್ರ ಒಂದು ಸಿಪಿಯು ಕೋರನ್ನು ಶೇ. 100ರಷ್ಟು ತಿನ್ನುತ್ತಿರುತ್ತದೆ. ಕರ್ನಲ್ ಲಾಗ್ ಆದ ಡಿಮೆಸೇಜಿನಲ್ಲಿ '120 ಸೆಕೆಂಡಿಗಿಂತ ಹೆಚ್ಚು ಬ್ಲಾಕ್ ಆಗಿದೆ' ಎಂಬ ಎಚ್ಚರಿಕೆಗಳಿವೆ. ಡಿಸ್ಕುಗಳ ಆರೋಗ್ಯ ತಿಳಿಸುವ ಸ್ಮಾರ್ಟ್ ವರದಿಗಳಲ್ಲಿ ದೋಷವಿಲ್ಲ. ಇದೇ ತೊಂದರೆಯನ್ನು ಇನ್ನೊಂದು ಯಂತ್ರದಲ್ಲಿ ಲಾಕ್‌ಡೆಪ್ (ಲಾಕುಗಳ ತಪ್ಪು ಬಳಕೆಯನ್ನು ಪತ್ತೆಹಚ್ಚುವ ಸಾಧನ) ಹಾಕಿದ ಕರ್ನಲ್‌ನಿಂದ ಮರುಕಳಿಸಿದೆ, ಆದರೂ ಲಾಕ್‌ಡೆಪ್ ಏನನ್ನೂ ಹೇಳಲಿಲ್ಲ. ಡೆಡ್‌ಲಾಕ್ (ಒಂದಕ್ಕೊಂದು ಕಾಯುತ್ತ ಯಾವುದೂ ಮುಂದೆ ಸಾಗದ ಸ್ಥಿತಿ) ಆಗಿದ್ದರೆ ಅದು ಏಕೆ ಸುಮ್ಮನಿದೆ? ರೀಬೂಟ್ ಮಾಡದೆ ಇದರಿಂದ ಹೊರಬರುವ ದಾರಿ ಇದೆಯೇ?

ಉತ್ತರ 1 (ವೈಟ್‌ಫೀಲ್ಡ್‌ನಿಂದ)

ನಮಸ್ಕಾರ ಮೇಡಂ. ಡಿಸ್ಕುಗಳನ್ನು ಅನುಮಾನಿಸಬೇಡಿ, ಇದು ಡ್ರೈವರಿನೊಳಗಿನ ಡೆಡ್‌ಲಾಕೇ. ಮುಂದಿನ ಸಲ ಹೀಗಾದಾಗ ಸಿಸ್‌ಆರ್‌ಕ್ಯೂ-ಟ್ರಿಗರ್ ಫೈಲಿಗೆ 'ಡಬ್ಲ್ಯೂ' ಅಕ್ಷರ ಬರೆದರೆ, ಸಿಕ್ಕಿಕೊಂಡಿರುವ ಎಲ್ಲ ಪ್ರೋಸೆಸ್ಸುಗಳ ಸ್ಟ್ಯಾಕ್ ಲಾಗಿಗೆ ಬರುತ್ತದೆ. ಅಲ್ಲಿ ನಿಮಗೆ ಮೂರು ಗುಂಪು ಕಾಣಿಸಬೇಕು.

'ಐಡಲ್' ಬರೆದ ಶೆಲ್, ಆಕ್ಷನ್_ಸ್ಟೋರ್ ಮೂಲಕ ರೀಕಾನ್ಫಿಗ್_ಮ್ಯೂಟೆಕ್ಸ್ ಎಂಬ ಲಾಕನ್ನು ಹಿಡಿದು, ಅದನ್ನು ಬಿಡದೆಯೇ ಕೆಥ್ರೆಡ್_ಸ್ಟಾಪ್‌ನಲ್ಲಿ ಚೆಕ್ ನಡೆಸುತ್ತಿರುವ ಥ್ರೆಡ್ ಸಾಯುವುದನ್ನು ಕಾಯುತ್ತಿರುತ್ತದೆ. ಆ ಚೆಕ್ ಥ್ರೆಡ್ ತನ್ನ ಸ್ಟ್ರೈಪುಗಳು (ಎಲ್ಲ ಡಿಸ್ಕುಗಳಿಗೆ ಹಂಚಿದ ದತ್ತಾಂಶದ ಪಟ್ಟಿಗಳು) ಮುಗಿಯಲೆಂದು, ಇಲ್ಲವೇ ಹೊಸದೊಂದು ಸ್ಟ್ರೈಪ್ ಸಿಗಲೆಂದು ಕಾಯುತ್ತಿರುತ್ತದೆ. ಸ್ಟ್ರೈಪುಗಳನ್ನು ಮುಗಿಸಿಕೊಡಬೇಕಾದದ್ದು ಎಂಡಿ0_ರೇಡ್6 ಥ್ರೆಡ್. ಅದೇಕೆ ಮುಗಿಸುತ್ತಿಲ್ಲ ಎಂಬುದರಲ್ಲೇ ಇಡೀ ಗಂಟು ಇದೆ.

ಅರೇಗೆ ಸುಮಾರು 200 ಮಿಲಿಸೆಕೆಂಡು ಯಾರೂ ಬರೆಯದಿದ್ದರೆ ಎಂಡಿ ಅದನ್ನು 'ಕ್ಲೀನ್' (ಬಾಕಿ ಬರಹವಿಲ್ಲ) ಎಂದು ಗುರುತಿಸುತ್ತದೆ. ಆಮೇಲೆ ಬರುವ ಮೊದಲ ಬರಹ, ಅರೇ ಈಗ ಕ್ಲೀನ್ ಅಲ್ಲ ಎಂಬುದು ಡಿಸ್ಕುಗಳ ಸೂಪರ್‌ಬ್ಲಾಕಿನಲ್ಲಿ (ಅರೇಯ ಸ್ಥಿತಿಯನ್ನು ಬರೆದಿಡುವ ಜಾಗ) ದಾಖಲಾಗುವ ತನಕ ಎಂಡಿ_ರೈಟ್_ಸ್ಟಾರ್ಟ್‌ನಲ್ಲಿ ಕಾಯಬೇಕು (ಹೀಗೆ ಕಾಯುವವೇ ಮೂರನೆಯ ಗುಂಪು), ಮತ್ತು ಆ ಕಾಯುವಿಕೆಯನ್ನು ಒಂದು 'ಪೆಂಡಿಂಗ್' ಫ್ಲ್ಯಾಗ್ ಸೂಚಿಸುತ್ತದೆ. ಫ್ಲ್ಯಾಗ್ ಇರುವವರೆಗೆ ಎಂಡಿ0_ರೇಡ್6 ಥ್ರೆಡ್ಡಿನ ಹ್ಯಾಂಡಲ್_ಸ್ಟ್ರೈಪ್ ಎಂಬ ಫಂಕ್ಷನ್ ಪ್ರತಿ ಸ್ಟ್ರೈಪನ್ನೂ ಪೂರ್ತಿ ಮಾಡದೆ ಮತ್ತೆ ಸಾಲಿಗೆ ಸೇರಿಸುತ್ತದೆ. ಸಿಪಿಯು ಶೇ. 100 ಆಗುವುದು ಈ ಸುತ್ತಾಟದಿಂದ. ಸೂಪರ್‌ಬ್ಲಾಕ್ ಬರೆಯುವ ಹೊಣೆಯೂ ಅದೇ ಥ್ರೆಡ್ಡಿನದು. ಆದರೆ ಬರೆಯುವ ಮೊದಲು ಅದರ ಎಂಡಿ_ಚೆಕ್_ರಿಕವರಿ ಎಂಬ ಫಂಕ್ಷನ್ ಅದೇ ರೀಕಾನ್ಫಿಗ್_ಮ್ಯೂಟೆಕ್ಸನ್ನು ಟ್ರೈಲಾಕ್ ಮೂಲಕ ಕೇಳುತ್ತದೆ, ಸಿಗದಿದ್ದರೆ ಸುಮ್ಮನೆ ವಾಪಸಾಗುತ್ತದೆ. ಲಾಕ್ ಶೆಲ್ಲಿನ ಬಳಿಯೇ ಇರುವುದರಿಂದ ಅದು ಎಂದಿಗೂ ಸಿಗುವುದಿಲ್ಲ.

ಲಾಕ್‌ಡೆಪ್ ಸುಮ್ಮನಿರುವುದಕ್ಕೂ ಕಾರಣ ಇಲ್ಲಿದೆ. ಅದು ಲಾಕುಗಳನ್ನು ಹಿಡಿಯುವ ಕ್ರಮವನ್ನು ಗಮನಿಸುತ್ತದೆಯೇ ಹೊರತು, ಒಂದು ಫ್ಲ್ಯಾಗಿಗಾಗಿಯೋ ಸ್ಟ್ರೈಪಿಗಾಗಿಯೋ ಕಾಯುವುದನ್ನು ಲಾಕ್ ಎಂದು ಎಣಿಸುವುದಿಲ್ಲ. ನಿಮ್ಮ ಈ ಕಾಯುವಿಕೆಯ ವೃತ್ತದಲ್ಲಿ ನಿಜವಾದ ಲಾಕ್ ಇರುವುದು ಒಂದೇ.

ಉತ್ತರ 2 (ಎಲೆಕ್ಟ್ರಾನಿಕ್ ಸಿಟಿಯಿಂದ)

ಮೇಲಿನ ವಿವರಣೆ ಸರಿಯಾಗಿದೆ. ಹೊರಬರುವ ದಾರಿಯೂ ಇದೆ. ಅರೇ_ಸ್ಟೇಟ್ ಫೈಲನ್ನು ಓದಿ ನೋಡಿ, 'ರೈಟ್-ಪೆಂಡಿಂಗ್' ಎಂದಿದ್ದರೆ ರೋಗನಿರ್ಣಯ ಖಚಿತ. ಅದೇ ಫೈಲಿಗೆ 'ಆಕ್ಟಿವ್' ಎಂದು ಬರೆಯಿರಿ. ಕ್ಲೀನ್ ಮತ್ತು ಆಕ್ಟಿವ್ ನಡುವಿನ ಬದಲಾವಣೆಗೆ ರೀಕಾನ್ಫಿಗ್_ಮ್ಯೂಟೆಕ್ಸ್ ಬೇಕಾಗದಂತೆ ಕೋಡ್ ಬರೆದಿರುವುದರಿಂದ, ಈ ಒಂದು ಬರಹ ಪೆಂಡಿಂಗ್ ಫ್ಲ್ಯಾಗನ್ನು ತೆಗೆದು ವೃತ್ತವನ್ನು ಒಡೆಯುತ್ತದೆ. ಆದರೆ ಸೂಪರ್‌ಬ್ಲಾಕ್ ಡಿಸ್ಕಿಗೆ ಹೋಗುವ ಮೊದಲೇ ಬರಹಗಳು ಸಾಗುತ್ತವೆ ಎಂಬುದನ್ನು ಮರೆಯಬಾರದು: ಆ ಕಿರು ಅವಧಿಯಲ್ಲಿ ವಿದ್ಯುತ್ ಹೋದರೆ, ಅರೇ ಕ್ಲೀನ್ ಎಂಬ ಹಳೆಯ ದಾಖಲೆಯೇ ಉಳಿದಿರುತ್ತದೆ. ಆದ್ದರಿಂದ ಯುಪಿಎಸ್ ಸರಿಯಿದೆಯೆಂದು ಖಾತ್ರಿಪಡಿಸಿಕೊಂಡೇ ಮಾಡಿ.

ಶಾಶ್ವತ ಪರಿಹಾರವೆಂದರೆ ಹೊಸ ಕರ್ನಲ್. 2022ರಲ್ಲಿ, ಥ್ರೆಡ್ಡಿಗಾಗಿ ಕಾಯುವ ಮುನ್ನ ಲಾಕನ್ನು ಬಿಟ್ಟುಬಿಡುವ ತಿದ್ದುಪಡಿಯೊಂದು ಬಂದಿತ್ತು. ಚೆಕ್ ಥ್ರೆಡ್ ಇನ್ನೂ ಓಡುತ್ತಿರುವಾಗಲೇ 'ರನ್ನಿಂಗ್' ಫ್ಲ್ಯಾಗ್ ಅಳಿಸಿಹೋಗುವ ಬೇರೊಂದು ದೋಷ ಅದರಿಂದ ಹುಟ್ಟಿತು. 2023ರಲ್ಲಿ ಅದನ್ನು ಹಿಂತೆಗೆದು, ನಿಲ್ಲಲು ಸೂಚನೆ ಕೊಟ್ಟು, ಲಾಕ್ ಬಿಟ್ಟು, ಎಂಡಿ ಥ್ರೆಡ್ ತಾನೇ ಚೆಕ್ ಥ್ರೆಡ್ಡನ್ನು ಮುಗಿಸಿ ಹೇಳುವ ತನಕ ಕಾಯುವಂತೆ ಬದಲಿಸಲಾಯಿತು. ನನ್ನ ಅಭಿಪ್ರಾಯದಲ್ಲಿ ಮೊದಲೇ ಆಗಬೇಕಿದ್ದ ಕೆಲಸ ಅದು, ಏಕೆಂದರೆ ಒಬ್ಬರು ಆರಂಭಿಸಿದ ಥ್ರೆಡ್ಡನ್ನು ಇನ್ನೊಬ್ಬರು ಲಾಕ್ ಹಿಡಿದು ಕೊಲ್ಲುವ ವಿನ್ಯಾಸ ಎಲ್ಲಿದ್ದರೂ ಇಂಥ ತೊಡಕು ಬಂದೇ ಬರುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು ಸರ್. ಪರೀಕ್ಷಾ ಯಂತ್ರದಲ್ಲಿ ಮತ್ತೆ ಸಿಕ್ಕಿಸಿ ನೋಡಿದೆ. ಅರೇ_ಸ್ಟೇಟ್ 'ರೈಟ್-ಪೆಂಡಿಂಗ್' ಎಂದೇ ತೋರಿಸಿತು, 'ಆಕ್ಟಿವ್' ಎಂದು ಬರೆದ ತಕ್ಷಣ ಶೆಲ್ ಹಿಂದಿರುಗಿತು. ಬಳಿಕ ಪೂರ್ತಿ ಚೆಕ್ ನಡೆಸಿದಾಗ ಮಿಸ್‌ಮ್ಯಾಚ್_ಕೌಂಟ್ (ಹೊಂದದ ಜಾಗಗಳ ಎಣಿಕೆ) ಸೊನ್ನೆ ಬಂದಿದೆ. ಕರ್ನಲ್ ಬದಲಿಸಲು ಆಡಳಿತದ ಒಪ್ಪಿಗೆ ಸಿಗುವವರೆಗೆ ಸೇಫ್_ಮೋಡ್_ಡಿಲೇಯನ್ನು (ಅರೇ ಕ್ಲೀನ್ ಎನಿಸುವ ಮುನ್ನ ಕಾಯುವ ಆ 200 ಮಿಲಿಸೆಕೆಂಡು) 0 ಮಾಡಿಟ್ಟರೆ ನಡೆಯುತ್ತದೆಯೇ?

ಉತ್ತರ 1 ಬರೆದವರಿಂದ

ನಡೆಯುತ್ತದೆ ಮೇಡಂ. ಆಗ ಅರೇ ಸುಮ್ಮನಿದ್ದಾಗಲೂ 'ಆಕ್ಟಿವ್' ಆಗಿಯೇ ಇರುವುದರಿಂದ, ಬೆಳಗಿನ ಮೊದಲ ಬರಹ ಸೂಪರ್‌ಬ್ಲಾಕಿಗಾಗಿ ಕಾಯುವ ಪ್ರಸಂಗ ಬರುವುದಿಲ್ಲ. ವಿದ್ಯುತ್ ದಿಢೀರನೆ ಹೋದರೆ ಮಾತ್ರ, ಆ ಹೊತ್ತಿನಲ್ಲಿ ಯಾರೂ ಬರೆಯುತ್ತಿರದಿದ್ದರೂ ರೀಸಿಂಕ್ (ಡಿಸ್ಕುಗಳನ್ನು ಮತ್ತೆ ಹೊಂದಿಸುವ ಕೆಲಸ) ನಡೆಯುತ್ತದೆ. ಅರೇಗೆ ಇಂಟರ್ನಲ್ ಬಿಟ್‌ಮ್ಯಾಪ್ (ಬರಹ ನಡೆದ ಜಾಗಗಳ ಗುರುತುಪಟ್ಟಿ) ಇದ್ದರೆ ಅದು ಬೇಗ ಮುಗಿಯುತ್ತದೆ. ಅರೇಯ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ಫೈಲಿನಲ್ಲಿ ಬಿಟ್‌ಮ್ಯಾಪ್ ಎಂಬ ಸಾಲು ಕಾಣದಿದ್ದರೆ ಮೊದಲು ಅದನ್ನು ಸೇರಿಸಿ, ಅನಂತರ ಡಿಲೇಯನ್ನು ಬದಲಿಸಿ. ರೀಬೂಟ್ ಆದಾಗ ಡಿಲೇ ಮತ್ತೆ ಹಳೆಯ ಮೌಲ್ಯಕ್ಕೆ ಮರಳುವುದರಿಂದ, ಆ ಸಾಲನ್ನು ಬೂಟ್ ಸ್ಕ್ರಿಪ್ಟಿನಲ್ಲಿಯೂ ಹಾಕಿರಿ.