ಅಪ್‌ಡೇಟ್: 60 ದಾಟಿದವರು ಬಿಸಿಲಲ್ಲಿ 10ಕೆ ಓಡುವಾಗ

ಏಪ್ರಿಲ್ ಕೊನೆಯ ಬೆಂಗಳೂರು 10ಕೆ, ಅಂದರೆ 10 ಕಿ.ಮೀ. ಓಟಕ್ಕೆ ಅರವತ್ತು ದಾಟಿದವರು ನೀರು, ವೇಗ ಹೇಗೆ ನೋಡಿಕೊಳ್ಳಬೇಕು ಅಂತ ಕೇಳಿದ್ದೆ. ಓಟ ಮುಗೀತು, ನೀವು ಹೇಳಿದ್ದರಲ್ಲಿ ಕೆಲಸಕ್ಕೆ ಬಂದದ್ದು ಬರೀತಿದ್ದೀನಿ.

ಎಲ್ಲಕ್ಕಿಂತ ಉಪಯೋಗವಾದದ್ದು ತೂಕದ ಲೆಕ್ಕ. ಅಭ್ಯಾಸಕ್ಕೆ ಮುಂಚೆ ಒಮ್ಮೆ, ಮುಗಿಸಿ ಬೆವರು ಒರೆಸಿಕೊಂಡು ಇನ್ನೊಮ್ಮೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ಬೆವರು ಹೋಗಿದೆ. ಮಧ್ಯೆ ಕುಡಿದ ನೀರನ್ನೂ ಸೇರಿಸಿಕೊಳ್ಳಿ. ವಯಸ್ಸಾದಂತೆ ಬಾಯಾರಿಕೆ ತಡವಾಗಿ ಗೊತ್ತಾಗುತ್ತೆ, ಅದಕ್ಕೇ ಎಷ್ಟು ಕುಡಿಯಬೇಕು ಅಂತ ತಿಳಿಯೋಕೆ ಈ ಲೆಕ್ಕ. ಹಾಗಂತ ತೂಕ ಏರುವಷ್ಟು ಕುಡಿಯಲೇಬೇಡಿ, ರಕ್ತದಲ್ಲಿ ಸೋಡಿಯಂ ಕುಸಿಯುತ್ತೆ.

ಮೊದಲ 2 ಕಿ.ಮೀ. ಮಾಮೂಲಿಗಿಂತ ಕಿಲೋಮೀಟರಿಗೆ 20–30 ಸೆಕೆಂಡ್ ನಿಧಾನ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಮೊದಲೇ ಕೇಳಿ. ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ ಅಲ್ಲೇ ನಿಲ್ಲಿ. ಬೆವರು ಸುರಿಯುತ್ತಿದ್ದರೂ ಹೀಟ್ ಸ್ಟ್ರೋಕ್ ಆಗಬಹುದು.