ರಿಫ್ರೆಶ್ ಮಾಡಿದರೆ ಅದೇ ಲಾಟ್ ಮತ್ತೆ ಸೇರುತ್ತಿದೆ, ಏನು ಮಾಡಲಿ?

ಪ್ರಶ್ನೆ: ಸರ್, ದಾವಣಗೆರೆ ಎಪಿಎಂಸಿಯ ಒಂದು ದಲ್ಲಾಳಿ ಅಂಗಡಿಗೆ ಮೆಕ್ಕೆಜೋಳದ ಆವಕ ಬರೆಯುವ ಫಾರ್ಮ್ ಮಾಡುತ್ತಿದ್ದೇನೆ. ಬಳಸುತ್ತಿರುವುದು ಎಎಸ್‌ಪಿ ಡಾಟ್ ನೆಟ್ ಕೋರ್ ಎಂವಿಸಿ, ಅಂದರೆ ಮೈಕ್ರೋಸಾಫ್ಟ್‌ನ ವೆಬ್ ಫ್ರೇಮ್‌ವರ್ಕ್. ರೈತರ ಹೆಸರು, ಚೀಲ, ತೂಕ, ದರ ಇಷ್ಟೇ ಇರೋದು. ಗುಮಾಸ್ತರು ಸೇವ್ ಮಾಡಿ ಪೇಜ್ ರಿಫ್ರೆಶ್ ಮಾಡಿದರೆ ಅದೇ ಲಾಟ್ ಎರಡನೇ ಸಲ ಸೇರುತ್ತದೆ. ಇನ್ನೊಂದು ತೊಂದರೆ, ದರ ಎಷ್ಟೇ ಹಾಕಿದರೂ ಡೇಟಾಬೇಸಿನಲ್ಲಿ 0 ಕೂರುತ್ತದೆ. ಎರರ್ ಕೂಡ ಬರಲ್ಲ. ದರದ ಬಾಕ್ಸ್ ಒಂದನ್ನು ಮಾತ್ರ ಟ್ಯಾಗ್ ಹೆಲ್ಪರ್ (ಬಾಕ್ಸಿನ ನೇಮ್, ಐಡಿಗಳನ್ನು ತಾನೇ ಬರೆಯುವ ಸೌಲಭ್ಯ) ಇಲ್ಲದೆ ಕೈಯಾರೆ ಬರೆದಿದ್ದೇನೆ.

ಉತ್ತರ: ಸೇವ್ ಆದ ಮೇಲೆ ನಿಮ್ಮ ಪೋಸ್ಟ್ ಆಕ್ಷನ್ (ಬ್ರೌಸರ್ ಕಳಿಸಿದ ಫಾರ್ಮ್ ಪಡೆಯುವ ಕೋಡ್) ನೇರವಾಗಿ ವ್ಯೂ, ಅಂದರೆ ಪೇಜ್, ಕೊಡುತ್ತಿದೆ ಅಲ್ವಾ? ಆಗ ತೆರೆಯ ಮೇಲಿರುವುದು ಆ ಪೋಸ್ಟ್‌ಗೆ ಬಂದ ಉತ್ತರ. ರಿಫ್ರೆಶ್ ಅಂದರೆ ಬ್ರೌಸರ್ ಅದೇ ಪೋಸ್ಟ್ ಮತ್ತೆ ಕಳಿಸುತ್ತದೆ. ‘ಮತ್ತೆ ಕಳಿಸಲೇ’ ಅಂತ ಕೇಳುತ್ತದೆ ನಿಜ, ಆದರೆ ಹರಾಜಿನ ಗಡಿಬಿಡಿಯಲ್ಲಿ ಅದನ್ನು ಯಾರು ಓದುತ್ತಾರೆ! ಸೇವ್ ಸರಿಯಾಗಿ ಆದರೆ ‘ರಿಡೈರೆಕ್ಟ್ ಟು ಆಕ್ಷನ್’ ಕೊಡಿ. ಸರ್ವರ್ 302, ಅಂದರೆ ‘ಬೇರೆ ಪೇಜ್‌ಗೆ ಹೋಗು’ ಅನ್ನುವ ಉತ್ತರ ಕಳಿಸುತ್ತದೆ, ಬ್ರೌಸರ್ ಹೊಸ ಪೇಜನ್ನು ಗೆಟ್‌ನಲ್ಲಿ (ಬರೀ ಪೇಜ್ ಕೇಳುವ ರಿಕ್ವೆಸ್ಟ್) ತರುತ್ತದೆ. ಆಮೇಲೆ ಎಷ್ಟು ಸಲ ರಿಫ್ರೆಶ್ ಮಾಡಿದರೂ ಬರೀ ಗೆಟ್. ತಪ್ಪು ತುಂಬಿದ್ದರೆ ಮಾತ್ರ ಅದೇ ಮಾಡೆಲ್ (ತುಂಬಿದ ಮಾಹಿತಿ ಇರುವ ಆಬ್ಜೆಕ್ಟ್) ಹಾಕಿ ವ್ಯೂ ವಾಪಸ್ ಕೊಡಿ, ಟೈಪ್ ಮಾಡಿದ್ದು ಅಳಿಸಿ ಹೋಗಬಾರದು.

ದರ 0 ಆಗುವುದಕ್ಕೆ ಹೆಚ್ಚಾಗಿ ಕಾರಣ ಬಾಕ್ಸಿನ ನೇಮ್. ಫಾರ್ಮ್‌ನಲ್ಲಿ ತುಂಬಿದ್ದನ್ನು ಮಾಡೆಲ್‌ಗೆ ಹಾಕುವ ಮಾಡೆಲ್ ಬೈಂಡಿಂಗ್ ನೋಡುವುದು ನೇಮ್ ಅನ್ನು, ಐಡಿಯನ್ನಲ್ಲ. ನೇಮ್ ಇಲ್ಲದಿದ್ದರೆ, ಅಥವಾ ಪ್ರಾಪರ್ಟಿ ಹೆಸರಿಗೆ ಹೊಂದದಿದ್ದರೆ, ಆ ದರ ಮಾಡೆಲ್‌ಗೆ ತಲುಪುವುದೇ ಇಲ್ಲ. ಡೆಸಿಮಲ್‌ನಲ್ಲಿ (ದಶಮಾಂಶ ಸಂಖ್ಯೆಯ ಟೈಪ್) ಏನೂ ಹಾಕದಿದ್ದರೆ ಇರುವ ಮೌಲ್ಯ 0. ಅದರ ಮೇಲೆ ‘ರಿಕ್ವೈರ್ಡ್’ (ಕಡ್ಡಾಯ ಅನ್ನುವ ಗುರುತು) ಹಾಕಿದರೂ 0 ಒಂದು ಮೌಲ್ಯವೇ ಆದ್ದರಿಂದ ಪಾಸಾಗಿಬಿಡುತ್ತದೆ. ಪ್ರಾಪರ್ಟಿಯನ್ನು ಪ್ರಶ್ನಾರ್ಥಕ ಚಿಹ್ನೆ ಸೇರಿಸಿ ನಲ್ಲಬಲ್ (ಖಾಲಿಯೂ ಇರಬಹುದಾದ) ಡೆಸಿಮಲ್ ಮಾಡಿ, ಆಗ ‘ರಿಕ್ವೈರ್ಡ್’ ಕೆಲಸ ಮಾಡುತ್ತದೆ. ಸೇವ್‌ಗೆ ಮುಂಚೆ ‘ಮಾಡೆಲ್‌ಸ್ಟೇಟ್’ (ತುಂಬಿದ್ದರ ತಪಾಸಣೆಯ ಫಲಿತಾಂಶ) ಸರಿಯಿದೆಯಾ ನೋಡಲೇಬೇಕು. ರೈತರ ದುಡ್ಡಿನ ಲೆಕ್ಕ ಇದು, ಸೊನ್ನೆ ದರದ ಪಟ್ಟಿ ಅವರ ಕೈಗೆ ಹೋಗಲೇಬಾರದು.

ಪ್ರಶ್ನೆ: ಎರಡೂ ಸರಿ ಹೋಯಿತು ಸರ್! ಆದರೆ ನೆಟ್ ನಿಧಾನ ಇದ್ದಾಗ ಸೇವ್ ಬಟನ್ ಎರಡು ಸಲ ಒತ್ತಿದರೆ ಈಗಲೂ ಎರಡು ಲಾಟ್. ಮತ್ತೆ ಕಮಿಷನ್ ದರವನ್ನು ಹಿಡನ್ ಫೀಲ್ಡ್‌ನಲ್ಲಿ ಇಟ್ಟಿದ್ದೇನೆ, ಪರವಾಗಿಲ್ವಾ?

ಉತ್ತರ: ರಿಡೈರೆಕ್ಟ್ ಬರುವ ಮೊದಲೇ ಎರಡೂ ಪೋಸ್ಟ್ ಹೊರಟಿರುತ್ತವೆ. ಬಟನ್ ಡಿಸೇಬಲ್ ಮಾಡಿ, ಆದರೆ ಅದನ್ನೇ ನಂಬಬೇಡಿ. ಫಾರ್ಮ್ ತೆರೆಯುವಾಗ ಸರ್ವರ್‌ನಲ್ಲಿ ಒಂದು ಗೈಡ್ (GUID, ಪ್ರತಿ ಸಲ ಬೇರೆಯೇ ಬರುವ ಉದ್ದನೆಯ ಗುರುತು) ಮಾಡಿ ಹಿಡನ್ ಫೀಲ್ಡ್‌ಗೆ ಹಾಕಿ. ಲಾಟ್ ಜೊತೆ ಅದನ್ನೂ ಸೇವ್ ಮಾಡಿ, ಆ ಕಾಲಂಗೆ ಯೂನಿಕ್ ಇಂಡೆಕ್ಸ್ ಕೊಡಿ. ಎರಡನೇ ಸಲ ಅದೇ ಗೈಡ್ ಬಂದರೆ ಡೇಟಾಬೇಸೇ ತಡೆಯುತ್ತದೆ. ಆ ಎರರ್ ಹಿಡಿದು ಮೊದಲು ಸೇವ್ ಆದ ಲಾಟ್‌ನ ಪೇಜ್‌ಗೇ ಕಳಿಸಿ.

ಕಮಿಷನ್ ಮಾತ್ರ ಖಂಡಿತ ಬೇಡ. ಹಿಡನ್ ಅಂದರೆ ಕಣ್ಣಿಗೆ ಕಾಣಲ್ಲ ಅಷ್ಟೇ. ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು ಯಾರು ಬೇಕಾದರೂ ಬದಲಿಸಬಹುದು. ಅದನ್ನು ಸರ್ವರ್ ಕಡೆಯೇ ಡೇಟಾಬೇಸಿನಿಂದ ಓದಿ. ಫಾರ್ಮ್‌ನಲ್ಲಿ ತುಂಬುವ ಫೀಲ್ಡ್‌ಗಳು ಮತ್ತು ಆ ಗೈಡ್ ಇಷ್ಟೇ ಇರುವ ಬೇರೆ ವ್ಯೂ ಮಾಡೆಲ್ ಮಾಡಿ. ಡೇಟಾಬೇಸ್ ಎಂಟಿಟಿಯನ್ನೇ (ಟೇಬಲ್‌ಗೆ ಹೊಂದುವ ಕ್ಲಾಸ್) ಬೈಂಡ್ ಮಾಡಿದರೆ ಫೀಲ್ಡ್ ತೆಗೆದುಹಾಕಿದ್ದರೂ ‘ಕಮಿಷನ್’ ಅಂತ ಹೊರಗಿನಿಂದ ಸೇರಿಸಿ ಕಳಿಸಿದ್ದು ಹಾಗೇ ಒಳಗೆ ಬರುತ್ತದೆ.