ಕೈಗೆ ಮಾತ್ರ ಅರಿವಳಿಕೆ: ಎಚ್ಚರ ಇದ್ದೇ ಆಪರೇಷನ್ ಮಾಡಿಸಿಕೊಳ್ಳಬಹುದಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಅಪ್ಪನಿಗೆ 68 ವರ್ಷ. ಅಡಿಕೆ ತೋಟದಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿದೆ, ಗುರುವಾರ ಪ್ಲೇಟ್ ಹಾಕ್ತಾರೆ. ಬಹಳ ವರ್ಷ ಬೀಡಿ ಸೇದಿದವರು, ಉಬ್ಬಸಕ್ಕೆ ಇನ್‌ಹೇಲರ್ ತಗೋತಾರೆ. ಪೂರ್ತಿ ಅನಸ್ತೇಷಿಯಾ ಬೇಡ, ಕೈಗೆ ಬ್ಲಾಕ್ ಕೊಡ್ತೀವಿ ಅಂದಿದ್ದಾರೆ. ಎಚ್ಚರ ಇರುವಾಗಲೇ ಮೂಳೆ ಕೊರೆದರೆ ನೋವಾಗಲ್ವಾ? ಕೈ ಸ್ವಾಧೀನ ಹೋಗಿಬಿಟ್ಟರೆ ಅಂತ ಅಮ್ಮ ಎರಡು ದಿನದಿಂದ ಅಳ್ತಿದ್ದಾರೆ.

ಉತ್ತರ (ಅರಿವಳಿಕೆ ವೈದ್ಯ): ಅಮ್ಮನಿಗೆ ಮೊದಲು ಧೈರ್ಯ ಹೇಳಿ. ಕೈಯ ನರಗಳು ಕತ್ತಿನಿಂದ ಹೊರಟು, ಕೊರಳೆಲುಬಿನ ಹಿಂದೆ ಹಾದು ಕಂಕುಳಿಗೆ ಇಳಿಯುತ್ತವೆ. ಆ ದಾರಿಯಲ್ಲಿ ಒಂದು ಕಡೆ, ಅಲ್ಟ್ರಾಸೌಂಡ್‌ನಲ್ಲಿ ಸೂಜಿಯ ತುದಿ ನೋಡಿಕೊಂಡು, ನರಗಳ ಸುತ್ತ ಔಷಧಿ ಬಿಡುತ್ತೇವೆ. 15ರಿಂದ 30 ನಿಮಿಷದಲ್ಲಿ ಕೈ ಮರಗಟ್ಟುತ್ತದೆ. ಐಸ್ ಇಟ್ಟು, ಚಿವುಟಿ, ಖಾತ್ರಿಯಾದ ಮೇಲೆಯೇ ಶಸ್ತ್ರಚಿಕಿತ್ಸೆ ಶುರು. ಎಳೆದದ್ದು, ಅದುರಿದ್ದು ತಿಳಿಯಬಹುದು, ಚುಚ್ಚಿದ ನೋವಿರುವುದಿಲ್ಲ. ಎಷ್ಟೋ ಜನ ಕಣ್ಣು ಮುಚ್ಚಿಕೊಂಡು “ಕೈ ಎದೆ ಮೇಲೇ ಇದೆ” ಅನ್ನುತ್ತಾರೆ. ಕೈ ಆಗಲೇ ಪಕ್ಕದ ಮೇಜಿನ ಮೇಲಿರುತ್ತದೆ!

ನಿಮ್ಮ ತಂದೆಯ ವಿಷಯದಲ್ಲಿ ನನಗೆ ಮುಖ್ಯ ಅನಿಸುವುದು ಎಲ್ಲಿ ಚುಚ್ಚುತ್ತಾರೆ ಎನ್ನುವುದು. ಕತ್ತಿನ ಬುಡದಲ್ಲಿ ಕೊಟ್ಟರೆ ಪಕ್ಕದಲ್ಲೇ ಹಾದುಹೋಗುವ ವಪೆಯ (ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರೆಳೆಯಲು ನೆರವಾಗುವ ಸ್ನಾಯು) ನರಕ್ಕೂ ಔಷಧಿ ತಾಗಿ, ಆ ಬದಿಯ ವಪೆ ಕೆಲವು ಗಂಟೆ ಕೆಲಸ ನಿಲ್ಲಿಸಬಹುದು. ಶ್ವಾಸಕೋಶ ಗಟ್ಟಿ ಇದ್ದವರು ಹೆಚ್ಚಾಗಿ ತಡೆದುಕೊಳ್ಳುತ್ತಾರೆ, ಇವರಿಗೆ ಉಸಿರು ಕಟ್ಟಿದಂತಾಗಬಹುದು. ಮಣಿಕಟ್ಟಿಗೆ ಕಂಕುಳಲ್ಲಿ ಕೊಟ್ಟರೂ ಸಾಕು, ನಾನಾದರೆ ಅಲ್ಲೇ ಕೊಡುತ್ತೇನೆ. ನಿಮ್ಮ ವೈದ್ಯರ ಹತ್ತಿರ ಇದನ್ನು ಸಂಕೋಚವಿಲ್ಲದೆ ಕೇಳಿ. ರಕ್ತ ತೆಳುವಾಗುವ ಮಾತ್ರೆ ತಗೋತಿದ್ದರೆ ಹೇಳಲೇಬೇಕು. ಇಂಜೆಕ್ಷನ್ ಕೊಡುವಾಗ ತುಟಿ ಸುತ್ತ ಜುಮ್ಮೆಂದರೆ, ಕಿವಿ ಗುಂಯ್ ಅಂದರೆ ತಕ್ಷಣ ಹೇಳಲು ಅಪ್ಪನಿಗೆ ತಿಳಿಸಿ.

ಸ್ವಾಧೀನ ಹೋಗುವುದು ಔಷಧಿ ಇಳಿಯುವವರೆಗೆ ಮಾತ್ರ. ನರಕ್ಕೆ ದೀರ್ಘಕಾಲದ ತೊಂದರೆ ಆಗುವುದು ಬಹಳ ಅಪರೂಪ, 10,000 ಜನರಲ್ಲಿ ಕೆಲವರಿಗೆ.

ಇನ್ನೊಬ್ಬರು: ನನಗೂ ಹೋದ ವರ್ಷ ಹೀಗೇ ಮಾಡಿದ್ರು ಸರ್. ಸಂಜೆವರೆಗೆ ನೋವೇ ಇಲ್ಲ, ಮಾತ್ರೆ ಯಾಕೆ ಅಂತ ಬಿಟ್ಟೆ. ರಾತ್ರಿ 2 ಗಂಟೆಗೆ ಎದ್ದು ಕೂತು ಅತ್ತುಬಿಟ್ಟೆ.

ಉತ್ತರ: ನಿಮಗೆ ಇದನ್ನು ಮೊದಲೇ ಹೇಳಬೇಕಿತ್ತು, ಹೇಳದೆ ಕಳಿಸಿದ್ದು ನಮ್ಮವರ ತಪ್ಪೇ. ಬುಪಿವಕೇನ್‌ನಂಥ ಔಷಧಿ 8ರಿಂದ 18 ಗಂಟೆ ನಿಲ್ಲಬಹುದು. ಬೆಳಿಗ್ಗೆ ಕೊಟ್ಟದ್ದು ಇಳಿಯುವುದು ರಾತ್ರಿಯೇ, ಇಳಿಯುವಾಗ ನೋವು ಒಮ್ಮೆಲೇ ನುಗ್ಗುತ್ತದೆ. ಬೆರಳಿನಲ್ಲಿ ಜುಮುಜುಮು ಶುರುವಾಗುವ ಮೊದಲೇ ಮಾತ್ರೆ ಹೊಟ್ಟೆಯಲ್ಲಿರಬೇಕು. ನೋವಿಲ್ಲದಿದ್ದರೂ ಬರೆದುಕೊಟ್ಟ ಹೊತ್ತಿಗೆ ತಗೊಳ್ಳಿ, ಮಲಗುವ ಮುಂಚಿನದನ್ನಂತೂ ತಪ್ಪಿಸಲೇಬೇಡಿ. ಉಬ್ಬಸ ಇದ್ದವರಿಗೆ ಕೆಲವು ನೋವಿನ ಮಾತ್ರೆ ಒಗ್ಗುವುದಿಲ್ಲ, ಅಂಗಡಿಯಿಂದ ನೀವೇ ತಂದು ಕೊಡಬೇಡಿ.

ಮರಗಟ್ಟಿದ ಕೈಗೆ ಬಿಸಿಯೂ ಗೊತ್ತಾಗದು, ಒತ್ತೂ ಗೊತ್ತಾಗದು. ಜೋಳಿಗೆ ಪಟ್ಟಿಯಲ್ಲಿ ಇಡಿ. ಮೊಣಕೈ ಕೆಳಗೆ ಮೆತ್ತನೆ ದಿಂಬು ಕೊಡಿ, ಬಿಸಿ ಕಾಫಿ ಲೋಟ ಆ ಕಡೆ ಬೇಡ. ಮಾತ್ರೆಗೂ ಬಗ್ಗದೆ ನೋವು ಏರುತ್ತಾ ಹೋದರೆ, ಬೆರಳು ಬಿಳಚಿದರೆ ಅಥವಾ ನೀಲಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ. ಬ್ಯಾಂಡೇಜ್ ಬಿಗಿಯಾಗಿರಬಹುದು, ಒಳಗೆ ಬಾವು ಏರಿರಬಹುದು, ಆಗಲೇ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಅಮ್ಮನಿಗೆ ಓದಿ ಹೇಳಿದೆ ಡಾಕ್ಟ್ರೇ, ಈಗ ಸ್ವಲ್ಪ ಸಮಾಧಾನ ಆದ್ರು. ಕೈಗೆ ಮಾತ್ರ ಅಲ್ವಾ, ಬೆಳಿಗ್ಗೆ ಎರಡು ಇಡ್ಲಿ ಕೊಡಬಹುದಾ ಅಂತಾರೆ.

ಉತ್ತರ: ಬೇಡ. ಬ್ಲಾಕ್ ಸಾಲದೆ ಹೋದರೆ ಪೂರ್ತಿ ಅನಸ್ತೇಷಿಯಾ ಕೊಡಬೇಕಾಗುತ್ತದೆ, ಆಗ ಹೊಟ್ಟೆ ಖಾಲಿ ಇರಬೇಕು. ಊಟ ತಿಂಡಿಯಾಗಿ 6 ಗಂಟೆ ಕಳೆದಿರಲಿ, ಬರೀ ನೀರನ್ನು 2 ಗಂಟೆ ಮುಂಚಿನವರೆಗೆ ಕುಡಿಯಬಹುದು. ಇನ್‌ಹೇಲರ್ ಬೆಳಿಗ್ಗೆ ಎಂದಿನಂತೆ ತಗೊಂಡು, ಜೊತೆಗೂ ತರಲಿ. ಇಡ್ಲಿ ಡಬ್ಬಿಯಲ್ಲಿರಲಿ, ಆಪರೇಷನ್ ಆದಮೇಲೆ ಕೇಳಿ ಕೊಡಿ. ಅವತ್ತು ಬಲಗೈ ಏಳುವುದಿಲ್ಲ, ಅಮ್ಮನೇ ತಿನ್ನಿಸಬೇಕಾಗುತ್ತದೆ.